ಹೊರಗಿನ ಆಟಗಾರ, ಒಳಗಿನ ಜಾಗ

ಸ್ಪೇನಿನ ಲಾಲಿಗಾದಲ್ಲಿ ಆಡಿದ ಪರದೇಶಿ ಆಟಗಾರರ ಹೆಸರು ಕೇಳಿದರೆ ಬೀದರ್ ಜಿಲ್ಲೆಯ ಠಾಣಾ ಕುಶನೂರಿನ ಹೈಸ್ಕೂಲ್ ಹುಡುಗನೂ ತಡವರಿಸುವುದಿಲ್ಲ. ಮೆಸ್ಸಿ, ರೊನಾಲ್ಡೊ ಎಂದು ಶುರು ಮಾಡಿ ವಿನಿಸಿಯಸ್, ಎಂಬಾಪೆವರೆಗೆ ಒಂದೇ ಉಸಿರಿನಲ್ಲಿ ಬಂದುಬಿಡುತ್ತಾನೆ. 2018ರಿಂದ ಮೂರು ಹಂಗಾಮು ಆ ಲೀಗಿನ ಪಂದ್ಯಗಳನ್ನು ಫೇಸ್‌ಬುಕ್ ಭಾರತದಲ್ಲಿ ಪುಕ್ಕಟೆ ತೋರಿಸಿತು. ಕೇಬಲ್ ಬೇಕಿಲ್ಲ, ಟಿವಿ ಬೇಕಿಲ್ಲ. ಮೊಬೈಲಿನಲ್ಲಿ ಆ ದಿನದ ಡೇಟಾ ಉಳಿದಿದ್ದರೆ ಸಾಕು. ಹಂಗಾಮಿಗೆ 380 ಪಂದ್ಯ. ಕುಸ್ತಿ, ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟಿನ ಈ ಸೀಮೆಗೆ ಫುಟ್‌ಬಾಲ್ ಬಂದದ್ದು ಹೆಚ್ಚಾಗಿ ಹೀಗೆ ಕಣ್ಣಿನ ದಾರಿಯಿಂದ, ಕಾಲಿನ ದಾರಿಯಿಂದಲ್ಲ.

ಅದೇ ಹುಡುಗನಿಗೆ, ಆ ಲೀಗಿನಲ್ಲಿ ಆಡಿದ ಭಾರತೀಯ ಯಾರು ಎಂದು ಕೇಳಿ ನೋಡಿ. ಸುಮ್ಮನಾಗುತ್ತಾನೆ. ಭಾರತ ತಂಡದ ಒಬ್ಬ ಆಟಗಾರನೂ ಇದುವರೆಗೆ ಲಾಲಿಗಾದ ಪಂದ್ಯದಲ್ಲಿ ಕಣಕ್ಕಿಳಿದಿಲ್ಲ. ನಮ್ಮವರಿಗೆ ಅಷ್ಟು ಆಟ ಬರುವುದಿಲ್ಲ ಎಂದು ಕೈ ತೊಳೆದುಕೊಳ್ಳುವುದು ಸುಲಭ, ಆದರೆ ಅದು ಅರ್ಧ ಉತ್ತರ. ಉಳಿದರ್ಧ ಹೊರಗಿನವರಿಗೆ ಯಾರು, ಎಷ್ಟು, ಯಾವ ಜಾಗ ಬಿಟ್ಟುಕೊಡುತ್ತಾರೆ ಎಂಬ ನಿಯಮಗಳಲ್ಲಿದೆ. ಅದನ್ನು ಬಿಡಿಸಿ ನೋಡಿದರೆ ಸ್ಪೇನಿನ ಕಥೆಯ ಜೊತೆಗೆ ಬೆಂಗಳೂರಿನ ಕಥೆಯೂ, ಕೊನೆಗೆ ಬೀದರಿನ ಕಥೆಯೂ ತೆರೆದುಕೊಳ್ಳುತ್ತದೆ.

ಹೊರಗಿನವರಿಗೆಷ್ಟು, ಊರವರಿಗೆಷ್ಟು ಎಂಬ ಜಗಳ ಬೀದರಿಗೆ ಹೊಸದಲ್ಲ. ಬಹಮನಿ ಸುಲ್ತಾನರ ಆಸ್ಥಾನ ಆ ಜಗಳದಲ್ಲೇ ಸವೆದುಹೋಯಿತು. ಇರಾನ್ ಮತ್ತು ಮಧ್ಯ ಏಷ್ಯಾ ಕಡೆಯಿಂದ ಬಂದವರು ಆಫಾಕಿಗಳು, ತಲೆಮಾರುಗಳಿಂದ ಇಲ್ಲೇ ಬೇರು ಬಿಟ್ಟವರು ದಖ್ಖನಿಗಳು. ಇರಾನಿನ ಗಿಲಾನದಿಂದ ವ್ಯಾಪಾರಕ್ಕೆಂದು ಬಂದ ಮಹಮೂದ್ ಗವಾನ್ ಇಲ್ಲಿ ವಜೀರನಾದ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಅರ್ಧ ಕುಸಿದರೂ ಇವತ್ತಿಗೂ ಬೀದರಿನ ಗುರುತು. ಎರಡು ಬಣಗಳ ನಡುವೆ ಸಮತೋಲ ತರಲು ಅವನೂ ಒಂದು ಕೋಟಾ ಹಾಕಿದ್ದ. ರಾಜ್ಯದ ನಾಲ್ಕು ತರಫ್‌ಗಳನ್ನು, ಅಂದರೆ ಪ್ರಾಂತ್ಯಗಳನ್ನು, ಎಂಟಾಗಿ ಒಡೆದು, ಅಧಿಕಾರವನ್ನು ಆಫಾಕಿ, ದಖ್ಖನಿ ಇಬ್ಬರಿಗೂ ಹಂಚಿದ. ಲೆಕ್ಕ ಸರಿಹೋಯಿತು, ಮನಸ್ಸು ಸರಿಹೋಗಲಿಲ್ಲ. 1481ರಲ್ಲಿ ವಿರೋಧಿಗಳು ಅವನ ಮೊಹರಿದ್ದ ಖೋಟಾ ಪತ್ರವೊಂದನ್ನು ಸುಲ್ತಾನನ ಮುಂದಿಟ್ಟರು. ಗವಾನನ ತಲೆ ಉರುಳಿತು. ಕೆಲವೇ ದಶಕಗಳಲ್ಲಿ ರಾಜ್ಯವೂ ಐದು ಹೋಳಾಯಿತು.

ತಲೆ ತೆಗೆಯದೆ ಇದೇ ಪ್ರಶ್ನೆಯನ್ನು ಬಗೆಹರಿಸಲು ಫುಟ್‌ಬಾಲ್ ಬಹಳ ಕಾಲದಿಂದ ಹೆಣಗುತ್ತಿದೆ. ಸ್ಪೇನಿನಷ್ಟು ಬಗೆಬಗೆಯ ಪ್ರಯೋಗ ಮಾಡಿದ ದೇಶ ಕಡಿಮೆ.

ಬಾಗಿಲು ಹಾಕಿದ ಹನ್ನೊಂದು ವರ್ಷ

ಸ್ಪೇನಿಗೆ ಫುಟ್‌ಬಾಲನ್ನು ತಂದವರೇ ಹೊರಗಿನವರು. ರಿಯೊ ಟಿಂಟೊದ ತಾಮ್ರದ ಗಣಿಗಳಿಗೆ ಬಂದ ಬ್ರಿಟಿಷರು ಹತ್ತಿರದ ಉಎಲ್ವಾ ಪಟ್ಟಣದಲ್ಲಿ ಚೆಂಡು ಒದೆಯಲು ಶುರು ಮಾಡಿದರು. ಅಲ್ಲಿ 1889ರಲ್ಲಿ ಹುಟ್ಟಿದ ರೆಕ್ರಿಯಾಟಿವೊ ಆ ದೇಶದ ಅತಿ ಹಳೆಯ ಕ್ಲಬ್. 1929ರಲ್ಲಿ ಹತ್ತು ತಂಡಗಳೊಂದಿಗೆ ಲೀಗ್ ಶುರುವಾಯಿತು. ಆದರೆ ಅದು ಜಗತ್ತಿನ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಮೂವರು ಪರದೇಶಿಗಳಿಂದ. ಹಂಗೇರಿಯ ಕಮ್ಯುನಿಸ್ಟ್ ಆಡಳಿತದಿಂದ ತಪ್ಪಿಸಿಕೊಂಡು ಬಂದ ಕುಬಾಲಾ ಬಾರ್ಸಿಲೋನಾ ಸೇರಿದರು. 1953ರಲ್ಲಿ ಅರ್ಜೆಂಟೀನಾದ ಡಿ ಸ್ಟೆಫಾನೊ ಅವರಿಗಾಗಿ ಎರಡು ದೊಡ್ಡ ಕ್ಲಬ್‌ಗಳು ಬೀದಿಗಿಳಿದವು. ಒಂದು ಕ್ಲಬ್ ಅವರನ್ನು ಅರ್ಜೆಂಟೀನಾದ ರಿವರ್ ಪ್ಲೇಟ್‌ನಿಂದ ಕೊಂಡಿತ್ತು, ಇನ್ನೊಂದು ಕೊಲಂಬಿಯಾದ ಮಿಯೊನಾರಿಯೋಸ್‌ನಿಂದ ಕೊಂಡಿತ್ತು. ವರ್ಷ ಬಿಟ್ಟು ವರ್ಷ ಇಬ್ಬರಿಗೂ ಆಡಲಿ ಎಂದು ಸ್ಪೇನಿನ ಫುಟ್‌ಬಾಲ್ ಒಕ್ಕೂಟ ಪಂಚಾಯ್ತಿ ಮಾಡಿತು. ಬಾರ್ಸಿಲೋನಾ ಬೇಸತ್ತು ಕೈಬಿಟ್ಟಿತು. ಡಿ ಸ್ಟೆಫಾನೊ ರಿಯಲ್ ಮ್ಯಾಡ್ರಿಡ್ ಪಾಲಾದರು. 1956ರ ದಂಗೆಯ ಬಳಿಕ ಹಂಗೇರಿ ತೊರೆದ ಪುಷ್ಕಾಶ್ 1958ರಲ್ಲಿ ಅವರ ಜೊತೆಗೂಡಿದರು. 1960ರ ಯುರೋಪಿಯನ್ ಕಪ್ ಫೈನಲ್ಲಿನಲ್ಲಿ ಮ್ಯಾಡ್ರಿಡ್ 7–3ರಿಂದ ಗೆದ್ದಿತು. ಆ ಏಳರಲ್ಲಿ ನಾಲ್ಕು ಪುಷ್ಕಾಶ್ ಹೊಡೆದದ್ದು, ಮೂರು ಡಿ ಸ್ಟೆಫಾನೊ ಹೊಡೆದದ್ದು.

ಕ್ಲಬ್‌ಗಳು ಮೆರೆದವು, ದೇಶದ ತಂಡ ಮುಗ್ಗರಿಸಿತು. ಪೌರತ್ವ ಪಡೆದ ಪರದೇಶಿಗಳನ್ನು ಕಟ್ಟಿಕೊಂಡು ಹೋದರೂ 1962ರ ಚಿಲಿ ವಿಶ್ವಕಪ್ಪಿನಲ್ಲಿ ಸ್ಪೇನ್ ಮೊದಲ ಹಂತದಲ್ಲೇ ಹೊರಬಿತ್ತು. ಕುಣಿಯಲಾರದವರಿಗೆ ನೆಲ ಡೊಂಕಾಯಿತು: ಅದೇ ವರ್ಷ ಹೊಸ ಪರದೇಶಿ ಆಟಗಾರರನ್ನು ತರುವುದಕ್ಕೆ ನಿಷೇಧ ಹೇರಲಾಯಿತು. 1973ರವರೆಗೆ ಬಾಗಿಲು ಮುಚ್ಚಿತ್ತು.

ಇದರಿಂದ ಲಾಭವಾಯಿತೇ? 1964ರಲ್ಲಿ ಸ್ಪೇನ್ ತನ್ನ ನೆಲದಲ್ಲೇ ಸೋವಿಯತ್ ಒಕ್ಕೂಟವನ್ನು 2–1ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆಯಿತು. ನಿಷೇಧದ ಪರ ಇದ್ದವರು ಎದೆ ತಟ್ಟಿಕೊಂಡರು. ಆದರೆ ಆ ತಂಡದ ಮುಖ್ಯ ಶಕ್ತಿಯಾಗಿದ್ದ ಲೂಯಿಸ್ ಸುವಾರೆಸ್ ಆಗ ಆಡುತ್ತಿದ್ದದ್ದು ಇಟಲಿಯ ಇಂಟರ್ ಮಿಲಾನ್‌ಗೆ. ಅಂದರೆ ತನ್ನ ಮನೆಯ ಬಾಗಿಲು ಹಾಕಿಕೊಂಡ ದೇಶಕ್ಕೆ ಕಪ್ ತಂದುಕೊಟ್ಟವರಲ್ಲಿ ಒಬ್ಬ, ಇನ್ನೊಂದು ದೇಶದಲ್ಲಿ ಪರದೇಶಿಯಾಗಿ ಪಳಗಿದವನು. ಮುಂದೆ 1966ರ ವಿಶ್ವಕಪ್ಪಿನಲ್ಲಿ ಸ್ಪೇನ್ ಮತ್ತೆ ಮೊದಲ ಹಂತದಲ್ಲೇ ಸೋತಿತು. 1970 ಮತ್ತು 1974ರಲ್ಲಿ ಅರ್ಹತೆಯನ್ನೇ ಗಳಿಸಲಿಲ್ಲ.

ಮುಚ್ಚಿದ ಬಾಗಿಲಿಗೆ ಒಂದು ಕಿಂಡಿಯೂ ಇತ್ತು. ಅಪ್ಪನೋ ಅಜ್ಜನೋ ಸ್ಪೇನಿನವನು ಎಂದು ಕಾಗದ ತೋರಿಸಿದರೆ ದಕ್ಷಿಣ ಅಮೆರಿಕದ ಆಟಗಾರ ಒಳಗೆ ಬರಬಹುದಿತ್ತು. ಅಟ್ಲಾಂಟಿಕದ ಆಚೆ ಒಮ್ಮೆಲೇ ಸ್ಪೇನಿನ ಅಜ್ಜಂದಿರು ಹುಟ್ಟಿಕೊಂಡರು! ಬಾರ್ಸಿಲೋನಾ ಕ್ಲಬ್ ವಕೀಲರನ್ನು ಹಚ್ಚಿ ಹುಡುಕಿಸಿದಾಗ ಅನೇಕರ ವಂಶಾವಳಿ ಸುಳ್ಳೆಂದು ಬಯಲಾಯಿತು. ಬೀದರಿನಲ್ಲಿ ಹೊರಗಿನವನನ್ನು ಮುಗಿಸಲು ಖೋಟಾ ಕಾಗದ ಬಳಸಿದ್ದರು. ಸ್ಪೇನಿನಲ್ಲಿ ಹೊರಗಿನವನನ್ನು ಒಳಗೆ ತರಲು ಬಳಸಿದರು. ಗುಟ್ಟು ರಟ್ಟಾದ ಮೇಲೆ ನಿಷೇಧ ಉಳಿಸಿಕೊಳ್ಳುವುದು ಕಷ್ಟವಾಯಿತು. 1973ರಲ್ಲಿ ಕ್ಲಬ್ಬಿಗೆ ಇಬ್ಬರಂತೆ ಅನುಮತಿ ಸಿಕ್ಕಿತು. ಬಾರ್ಸಿಲೋನಾ ಹಾಲೆಂಡಿನ ಯೊಹಾನ್ ಕ್ರೈಫ್ ಅವರನ್ನು, ಮ್ಯಾಡ್ರಿಡ್ ಜರ್ಮನಿಯ ಗುಂಟರ್ ನೆಟ್ಜರ್ ಅವರನ್ನು ತಂದವು.

ಕ್ರೈಫ್ ಬಂದ ಮೊದಲ ಹಂಗಾಮಿನಲ್ಲೇ ಬಾರ್ಸಿಲೋನಾ 14 ವರ್ಷಗಳ ಬಳಿಕ ಲೀಗ್ ಗೆದ್ದಿತು. ಅದಕ್ಕಿಂತ ದೊಡ್ಡ ಕೆಲಸ ಅವರು ಮಾಡಿದ್ದು 1988ರಲ್ಲಿ ತರಬೇತುದಾರರಾಗಿ ಮರಳಿದ ಮೇಲೆ. 1979ರಲ್ಲಿ ಶುರುವಾಗಿದ್ದ ಲಾ ಮಾಸಿಯಾ ಎಂಬ ಹುಡುಗರ ವಸತಿ ತರಬೇತಿ ಶಾಲೆಯಿಂದ ಹಿರಿಯರ ತಂಡದವರೆಗೆ ಒಂದೇ ಆಟದ ಕ್ರಮ ಇರಬೇಕು ಎಂದು ಪಟ್ಟು ಹಿಡಿದರು. ಸಣಕಲು ಹುಡುಗ ಗ್ವಾರ್ಡಿಯೋಲಾನನ್ನು ಮೈದಾನದ ನಡುವೆ ನಿಲ್ಲಿಸಿದ್ದು ಅವರೇ. 2010ರ ಜುಲೈ 11ರಂದು ಸ್ಪೇನ್ ವಿಶ್ವಕಪ್ ಗೆದ್ದಾಗ ಫೈನಲ್ ಆರಂಭಿಸಿದ ಹನ್ನೊಂದು ಮಂದಿಯಲ್ಲಿ ಆರು ಮಂದಿ ಆ ಶಾಲೆಯವರು: ಪುಯೋಲ್, ಪಿಕೆ, ಬುಸ್ಕೆಟ್ಸ್, ಶಾವಿ, ಇನಿಯೆಸ್ತಾ, ಪೆಡ್ರೊ. ಹೊರಗಿನವರನ್ನು ತಡೆದ ಹನ್ನೊಂದು ವರ್ಷ ಕೊಡದ ಫಲವನ್ನು ಕಲಿಸಲು ಬಂದ ಹೊರಗಿನವನೊಬ್ಬ ಕೊಟ್ಟ.

ಮೂರು ಕುರ್ಚಿಯ ಲೆಕ್ಕ

ಈಗಿನ ನಿಯಮಕ್ಕೆ ಬೆಲ್ಜಿಯಂನ ಒಬ್ಬ ಸಾಧಾರಣ ಆಟಗಾರ ಕಾರಣ. ಗುತ್ತಿಗೆ ಮುಗಿದ ಮೇಲೂ ತನ್ನನ್ನು ಫ್ರಾನ್ಸಿನ ಕ್ಲಬ್ಬಿಗೆ ಹೋಗಲು ಬಿಡಲಿಲ್ಲವೆಂದು ಜಾನ್ ಮಾರ್ಕ್ ಬೊಸ್ಮಾನ್ ಕೋರ್ಟಿಗೆ ಹೋದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು: ಯುರೋಪಿಯನ್ ಒಕ್ಕೂಟದ ಯಾವ ದೇಶದ ಪ್ರಜೆಯನ್ನೂ ಇನ್ನೊಂದು ಸದಸ್ಯ ದೇಶದ ಕ್ಲಬ್ ಪರದೇಶಿ ಎಂದು ಎಣಿಸುವಂತಿಲ್ಲ. ಅದಕ್ಕೂ ಮುಂಚೆ ಪರಿಸ್ಥಿತಿ ಹೇಗಿತ್ತು ಎಂಬುದಕ್ಕೆ 1994ರ ಚಾಂಪಿಯನ್ಸ್ ಲೀಗ್ ಫೈನಲ್ ಸಾಕ್ಷಿ. ಬಾರ್ಸಿಲೋನಾದಲ್ಲಿ ರೊಮಾರಿಯೊ, ಸ್ಟೊಯಿಚ್ಕೊವ್, ಕೂಮನ್, ಲಾಡ್ರಪ್ ಎಂಬ ನಾಲ್ವರು ಪರದೇಶಿಗಳಿದ್ದರು, ಆಡಿಸಬಹುದಾದದ್ದು ಮೂವರನ್ನು. ಡೆನ್ಮಾರ್ಕಿನ ಲಾಡ್ರಪ್ ಹೊರಗುಳಿದರು, ತಂಡ ಮಿಲಾನ್ ಎದುರು 0–4ರಿಂದ ಮಣ್ಣು ಮುಕ್ಕಿತು, ಲಾಡ್ರಪ್ ಮುಂದಿನ ಹಂಗಾಮಿಗೆ ನೇರವಾಗಿ ಎದುರಾಳಿ ರಿಯಲ್ ಮ್ಯಾಡ್ರಿಡ್ ಸೇರಿದರು.

ಇಂದು ಲಾಲಿಗಾದ ಕ್ಲಬ್ಬಿಗೆ 25 ಮಂದಿಯ ಪಟ್ಟಿಯಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಮೂರೇ ಕುರ್ಚಿ. ಆದರೆ ಹೊರಗಿನವರೆಲ್ಲರೂ ಒಂದೇ ಅಲ್ಲ. ಲ್ಯಾಟಿನ್ ಅಮೆರಿಕದ ದೇಶಗಳು ಮತ್ತು ಫಿಲಿಪೀನ್ಸ್‌ನಂಥ ಸ್ಪೇನಿನ ಹಳೆಯ ವಸಾಹತುಗಳ ಪ್ರಜೆ ಎರಡು ವರ್ಷ ಕಾನೂನುಬದ್ಧವಾಗಿ ನೆಲೆಸಿದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಉಳಿದವರು ಸಾಮಾನ್ಯವಾಗಿ ಹತ್ತು ವರ್ಷ ಕಾಯಬೇಕು. ಅರ್ಜೆಂಟೀನಾದ ಮೆಸ್ಸಿ 2005ರಲ್ಲಿ, ಬ್ರೆಜಿಲಿನ ವಿನಿಸಿಯಸ್ 2022ರಲ್ಲಿ ಸ್ಪೇನಿನ ಪ್ರಜೆಗಳಾಗಿ ಆ ಕುರ್ಚಿಗಳನ್ನು ಖಾಲಿ ಮಾಡಿಕೊಟ್ಟರು. ಆಫ್ರಿಕಾದ ಬಹಳಷ್ಟು ದೇಶಗಳ ಜೊತೆ ಯುರೋಪ್ ಮಾಡಿಕೊಂಡ ಕೊಟೊನು ಒಪ್ಪಂದದ ಕಾರಣ ಸೆನೆಗಲ್, ಘಾನಾ, ಕ್ಯಾಮರೂನ್ ಆಟಗಾರರು ಎಣಿಕೆಗೆ ಬಾರದಂತೆ ದಾರಿಯಾಯಿತು. ಬ್ರೆಕ್ಸಿಟ್ ಆದ ಮೇಲೆ ಇಂಗ್ಲೆಂಡಿನವರು ಎಣಿಕೆಗೆ ಬಂದರು.

ಭಾರತ ಈ ಯಾವ ಪಟ್ಟಿಯಲ್ಲೂ ಇಲ್ಲ. ನಾವು ಸ್ಪೇನಿನ ವಸಾಹತಾಗಿರಲಿಲ್ಲ, ಕೊಟೊನು ಒಪ್ಪಂದದಲ್ಲೂ ಇರಲಿಲ್ಲ. ಹೀಗಾಗಿ ಭಾರತದ ಹುಡುಗ ಅಲ್ಲಿ ಆಡಬೇಕಾದರೆ ಕ್ಲಬ್ ತನ್ನ ಮೂರು ಕುರ್ಚಿಗಳಲ್ಲಿ ಒಂದನ್ನು ಅವನಿಗೆ ಕೊಡಬೇಕು. ಅದೇ ಕುರ್ಚಿಗೆ ಬ್ರೆಜಿಲಿನ ಹದಿನೆಂಟರ ಹುಡುಗನೂ ಕಾದಿರುತ್ತಾನೆ. ಅವನಿಗೆ ಕೊಟ್ಟರೆ ಎರಡು ವರ್ಷದಲ್ಲಿ ಕುರ್ಚಿ ವಾಪಸ್ ಬರುವ ಭರವಸೆ ಇದೆ. ಭಾರತೀಯನಿಗೆ ಕೊಟ್ಟರೆ ಹತ್ತು ವರ್ಷ ಅಲ್ಲೇ. ಜೊತೆಗೆ ಪೌರತ್ವ ಪಡೆದರೆ ನಮ್ಮ ಕಾನೂನಿನಂತೆ ಭಾರತದ ಪಾಸ್‌ಪೋರ್ಟ್ ಬಿಡಬೇಕು, ಭಾರತ ತಂಡವನ್ನೂ ಮರೆಯಬೇಕು.

ಇದಕ್ಕೂ ಮುಂಚೆ ಇನ್ನೊಂದು ಬೇಲಿ ಇದೆ. ಫಿಫಾ ನಿಯಮಾವಳಿಯ 19ನೇ ವಿಧಿಯ ಪ್ರಕಾರ 18 ತುಂಬದ ಆಟಗಾರ ದೇಶ ದಾಟಿ ಕ್ಲಬ್ ಸೇರುವಂತಿಲ್ಲ. ಮಕ್ಕಳ ಸಾಗಾಟ ತಡೆಯಲು ಮಾಡಿದ ಒಳ್ಳೆಯ ನಿಯಮವಿದು. ವಿನಾಯಿತಿ ಕೆಲವೇ: ತಂದೆತಾಯಿ ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಅಲ್ಲಿಗೆ ವಲಸೆ ಹೋಗಿರಬೇಕು, ಯುರೋಪಿಯನ್ ಒಕ್ಕೂಟದ ಒಳಗಾದರೆ 16ರ ಮೇಲೆ ಅವಕಾಶ, ಇಲ್ಲವೇ ಆಟಗಾರನ ಮನೆ, ಕ್ಲಬ್ ಎರಡೂ ಗಡಿಯಿಂದ 50 ಕಿ.ಮೀ. ಒಳಗಿರಬೇಕು. ಈ ಕೊನೆಯದು ಉದಗೀರದ ಸಂತೆ, ದೇಗಲೂರಿನ ನೆಂಟಸ್ತನ ಬಲ್ಲ ನಮ್ಮ ಗಡಿಯ ಮಂದಿಗೆ ಬಿಡಿಸಿ ಹೇಳಬೇಕಿಲ್ಲ. ಗಡಿಯ ಎರಡೂ ಕಡೆ ಬದುಕು ಒಂದೇ ಎಂದು ಫಿಫಾ ಕೂಡ ಒಪ್ಪಿದೆ. ಈ ವಿಧಿ ಮುರಿದದ್ದಕ್ಕೆ 2014ರಲ್ಲಿ ಬಾರ್ಸಿಲೋನಾಗೆ ಹೊಸ ಆಟಗಾರರನ್ನು ಕೊಳ್ಳದಂತೆ ಶಿಕ್ಷೆಯಾಯಿತು. ಹತ್ತನೇ ವಯಸ್ಸಿಗೆ ಲಾ ಮಾಸಿಯಾ ಸೇರಿದ್ದ ಜಪಾನಿನ ತಕೆಫುಸಾ ಕುಬೊ ಅದರ ಬಿಸಿಗೆ ಸಿಕ್ಕು 2015ರಲ್ಲಿ ಊರಿಗೆ ಮರಳಬೇಕಾಯಿತು. ಆತನಿಗೆ ಊರಿನಲ್ಲಿ ಒಂದು ಒಳ್ಳೆಯ ಲೀಗ್ ಇತ್ತು, ಎಫ್‌ಸಿ ಟೋಕಿಯೊ ಇತ್ತು. ಅಲ್ಲಿ ಬೆಳೆದು 2019ರಲ್ಲಿ 18 ತುಂಬಿದ ಮೇಲೆ ಸ್ಪೇನಿಗೆ ಮರಳಿದ, ಮುಂದೆ ರಿಯಲ್ ಸೊಸಿಯೆದಾದ್ ತಂಡದ ಆಧಾರವಾದ. ಊರಿಗೆ ಮರಳಿದವನನ್ನು ಬೆಳೆಸಲು ಊರಿನಲ್ಲಿ ಏನಿದೆ ಎಂಬುದೇ ಇಲ್ಲಿ ನಿರ್ಣಾಯಕ.

ಕರ್ನಾಟಕಕ್ಕೆ ಈ ಕಥೆಯಲ್ಲಿ ಒಂದು ಸಣ್ಣ ಅಧ್ಯಾಯವಿದೆ. ಬೆಂಗಳೂರಿನಲ್ಲಿ ಬೆಳೆದ ಇಶಾನ್ ಪಂಡಿತ ಹದಿಹರೆಯದಲ್ಲೇ ಸ್ಪೇನಿಗೆ ಹೋದರು. 2016ರಲ್ಲಿ, ಲೆಗಾನೆಸ್ ಕ್ಲಬ್ ತನ್ನ ಇತಿಹಾಸದಲ್ಲೇ ಮೊದಲ ಬಾರಿ ಲಾಲಿಗಾಕ್ಕೆ ಏರಿದ ವರ್ಷ, ಆ ಕ್ಲಬ್ಬಿನ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಆಡಿದ್ದು ಕಿರಿಯರ ತಂಡದಲ್ಲಿ. ಹಿರಿಯರ ತಂಡದ ಬಾಗಿಲು ತೆರೆಯಲಿಲ್ಲ. 2020ರಲ್ಲಿ ಎಫ್‌ಸಿ ಗೋವಾ ಸೇರಿ, ಬದಲಿ ಆಟಗಾರನಾಗಿ ಕೊನೆಯ ನಿಮಿಷಗಳಲ್ಲಿ ಗೋಲು ಹೊಡೆಯುವವರೆಂದು ಹೆಸರಾದರು. 2021ರಲ್ಲಿ ಭಾರತಕ್ಕೆ ಆಡಿದರು. ಲಾಲಿಗಾದ ಹೊಸ್ತಿಲಿಗೆ ನಮ್ಮವರು ಬಂದ ಅತಿ ಹತ್ತಿರದ ಜಾಗ ಅದು.

ಸ್ಪೇನಿನಿಂದ ಕಂಠೀರವಕ್ಕೆ

ಹೋಗುವ ದಾರಿ ಇಷ್ಟು ಇಕ್ಕಟ್ಟಾದರೂ ಬರುವ ದಾರಿ ಹೆದ್ದಾರಿಯಾಗಿತ್ತು. ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಶುರುವಾದಾಗ ಲಾಲಿಗಾದ ಹಳಬರು ಸಾಲುಗಟ್ಟಿ ಬಂದರು. ವಿಶ್ವಕಪ್ ಫೈನಲ್ ಆಡಿದ್ದ ಕಾಪ್‌ದೆವಿಲಾ ಗುವಾಹಟಿಗೆ, ಲೂಯಿಸ್ ಗಾರ್ಸಿಯಾ ಕೋಲ್ಕತ್ತಕ್ಕೆ, ವಿಯಾರಿಯಲ್‌ಗೆ ಆಡಿದ್ದ ಫ್ರಾನ್ಸಿನ ಪಿರೆಸ್ ಗೋವಾಕ್ಕೆ ಬಂದರು. ಲಾಲಿಗಾದಲ್ಲಿ ಎರಡು ಸಲ ಅತಿ ಹೆಚ್ಚು ಗೋಲು ಹೊಡೆದಿದ್ದ ಉರುಗ್ವೆಯ ಡಿಯೆಗೊ ಫೊರ್ಲಾನ್ 2016ರಲ್ಲಿ ಮುಂಬೈಗೆ ಆಡಿದರು. ಹೆಚ್ಚಿನವರಿಗೆ ಇದು ನಿವೃತ್ತಿಗೆ ಮುಂಚಿನ ಕೊನೆಯ ನಿಲ್ದಾಣ.

ಬೆಂಗಳೂರಿನ ದಾರಿ ಸ್ವಲ್ಪ ಬೇರೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ 2016ರಲ್ಲಿ ಹೆಸರಾಂತ ಆಟಗಾರನ ಬದಲು ಒಬ್ಬ ಮೇಷ್ಟ್ರನ್ನು ತಂದಿತು. ಬಾರ್ಸಿಲೋನಾದಲ್ಲಿ ತರಬೇತುದಾರ ರೈಕಾರ್ಡ್ ಅವರ ಸಹಾಯಕರಾಗಿದ್ದ ಆಲ್ಬರ್ಟ್ ರೋಕಾ ಬಂದ ಕೆಲವೇ ತಿಂಗಳಲ್ಲಿ ತಂಡ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಅಲ್ಲಿಗೆ ಹೋಗಿರಲಿಲ್ಲ. ಕಂಠೀರವ ಕ್ರೀಡಾಂಗಣದ ಸೆಮಿಫೈನಲ್ಲಿನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿದ ರಾತ್ರಿ ಅಲ್ಲಿದ್ದವರು ಇನ್ನೂ ಮರೆತಿಲ್ಲ. ನವೆಂಬರ್ 5ರಂದು ದೋಹಾದ ಫೈನಲ್ಲಿನಲ್ಲಿ ಇರಾಕಿನ ವಾಯುಪಡೆ ಕ್ಲಬ್ ಎದುರು 0–1ರ ಸೋಲು. ಆ ಟೂರ್ನಿಯಲ್ಲಿ ಪರದೇಶಿಗಳಿಗೆ ನಾಲ್ಕೇ ಜಾಗ. ಏಳು ಮಂದಿ ಭಾರತೀಯರೇ ಇರಬೇಕಿತ್ತು.

2017ರಲ್ಲಿ ಮಿಕು ಬಂದರು. ವೆನೆಜುವೆಲಾದ ಈ ಮುಂಪಡೆ ಆಟಗಾರ ಹುಡುಗನಾಗಿದ್ದಾಗಲೇ ವಲೆನ್ಸಿಯಾ ಕ್ಲಬ್ಬಿನ ಕಿರಿಯರ ತಂಡ ಸೇರಿ, ಮುಂದೆ ಗೆಟಾಫೆ, ರಾಯೊ ವಯ್ಯೆಕಾನೊ ಪರ ಲಾಲಿಗಾದಲ್ಲಿ ಆಡಿದವರು. ಸ್ಪೇನಿಗೆ ಪರದೇಶಿ, ಬೆಂಗಳೂರಿಗೂ ಪರದೇಶಿ. ಮೊದಲ ಹಂಗಾಮಿನಲ್ಲೇ 15 ಗೋಲು ಹೊಡೆದರು. ಅವರ ಪಕ್ಕದಲ್ಲಿ ಸುನಿಲ್ ಛೆಟ್ರಿ 14 ಹೊಡೆದರು. 2019ರ ಮಾರ್ಚ್ 17ರಂದು ಬೆಂಗಳೂರು ಲೀಗ್ ಗೆದ್ದದ್ದು ರೋಕಾ ನಂತರ ಬಂದ ಇನ್ನೊಬ್ಬ ಸ್ಪ್ಯಾನಿಷ್ ತರಬೇತುದಾರ ಕಾರ್ಲೆಸ್ ಕ್ವಾದ್ರಾತ್ ಕೈಕೆಳಗೆ. ಹೆಚ್ಚುವರಿ ಸಮಯದ 117ನೇ ನಿಮಿಷ. ಸ್ಪೇನಿನ ಡಿಮಾಸ್ ಡೆಲ್ಗಾಡೊ ಕಾರ್ನರ್ ಹಾಕಿದರು, ರಾಹುಲ್ ಭೆಕೆ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿದರು. ಒಬ್ಬ ಹೊರಗಿನವ, ಒಬ್ಬ ಒಳಗಿನವ, ಒಂದು ಗೋಲು.

ಪರದೇಶಿಗಳು ಭಾರತಕ್ಕೆ ಹೊಸಬರೇನಲ್ಲ. ಗವಾನನ ನಾಡಿನಿಂದ ಅಲಿಗಢ ವಿಶ್ವವಿದ್ಯಾಲಯಕ್ಕೆ ಓದಲು ಬಂದಿದ್ದ ಮಜೀದ್ ಬಿಷ್ಕರ್, ಜಮ್ಷಿದ್ ನಸ್ಸಿರಿ ಎಂಬ ಇರಾನಿನ ಯುವಕರು 1980ರಲ್ಲಿ ಈಸ್ಟ್ ಬೆಂಗಾಲ್ ಸೇರಿ ಕೋಲ್ಕತ್ತವನ್ನು ಹುಚ್ಚೆಬ್ಬಿಸಿದ್ದರು. ಹೊಸದು ಸಂಖ್ಯೆ. 2014ರಲ್ಲಿ ಹನ್ನೊಂದರಲ್ಲಿ ಆರು ಮಂದಿ ಪರದೇಶಿಗಳಿರಬಹುದಿತ್ತು. 2017ರಲ್ಲಿ ಅದು ಐದಾಯಿತು, 2021ರಲ್ಲಿ ನಾಲ್ಕಾಯಿತು. ನಮ್ಮವರಿಗೆ ಎರಡು ಜಾಗ ಹೆಚ್ಚಾದವು. ಹಾಗಾದರೆ ಭಾರತ ತಂಡ ಮೇಲೇರಬೇಕಿತ್ತಲ್ಲ? 2017ರ ಜುಲೈನಲ್ಲಿ ಫಿಫಾ ಪಟ್ಟಿಯಲ್ಲಿ 96ನೇ ಸ್ಥಾನದಲ್ಲಿದ್ದ ಭಾರತ 2025ರಲ್ಲಿ 130ರ ಆಚೆಗೆ ಜಾರಿತು.

ಕಾರಣ ಒಂದೇ ಅಲ್ಲ, ಆದರೆ ಒಂದು ಕಾರಣ ಕಣ್ಣಿಗೆ ಹೊಡೆಯುವಂತಿದೆ. ಕ್ಲಬ್‌ಗಳು ನಾಲ್ಕು ಪರದೇಶಿ ಜಾಗಗಳನ್ನು ಎಲ್ಲೆಂದರಲ್ಲಿ ಹಂಚುವುದಿಲ್ಲ. ಗೋಲು ಹೊಡೆಯುವವನು, ಅವನಿಗೆ ಚೆಂಡು ಒದಗಿಸುವವನು, ರಕ್ಷಣೆಯ ನಡುವಿನವನು ಹೊರಗಿನವರೇ ಇರುತ್ತಾರೆ. ಅಂಚಿನ ಜಾಗಗಳು ನಮ್ಮ ಹುಡುಗರಿಗೆ. ಜಾತ್ರೆಯ ಕುಸ್ತಿಯಲ್ಲಿ ಸಣ್ಣ ಜೋಡಿಗಳೆಲ್ಲ ಊರವರಿಗೆ, ಕೊನೆಯ ಬೆಳ್ಳಿ ಕಡಗದ ಕುಸ್ತಿ ಮಾತ್ರ ಸದಾ ಕೊಲ್ಹಾಪುರ, ಲಾತೂರಿನ ಪೈಲ್ವಾನರಿಗೆ ಎಂದಾದರೆ, ಊರಿನ ಹುಡುಗ ಕೊನೆಯ ಕುಸ್ತಿ ಹಿಡಿಯುವುದನ್ನು ಕಲಿಯುವುದು ಯಾವಾಗ? ಅದರ ಫಲ ನಾವೇ ಕಂಡೆವು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ, 94 ಗೋಲುಗಳ ದಾಖಲೆಯೊಂದಿಗೆ ಛೆಟ್ರಿ ಭಾರತ ತಂಡಕ್ಕೆ ವಿದಾಯ ಹೇಳಿದರು. ಮುಂದಿನ ಮಾರ್ಚ್‌ನಲ್ಲಿ 40 ತುಂಬಿದ್ದ ಅವರನ್ನೇ ಮತ್ತೆ ಕರೆಯಬೇಕಾಯಿತು. ಆ ಹಂಗಾಮಿನ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಅವರೇ ಆಗಿದ್ದರು, 14. ಅದು ಛೆಟ್ರಿಯ ಹಿರಿಮೆ ಹೌದು. ಅವರ ಹಿಂದೆ ಯಾರೂ ತಯಾರಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಯಾರು ನಮ್ಮವರು?

ಎಣಿಕೆಗಿಂತ ಕಷ್ಟದ ಪ್ರಶ್ನೆ ಇದು. ಸ್ಪೇನಿನ ಬಾಸ್ಕ್ ಸೀಮೆಯ ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ ಇವತ್ತಿಗೂ ತನ್ನ ಸೀಮೆಯಲ್ಲಿ ಹುಟ್ಟಿದ ಅಥವಾ ಪಳಗಿದ ಆಟಗಾರರನ್ನು ಬಿಟ್ಟು ಬೇರೆಯವರನ್ನು ಆಡಿಸುವುದಿಲ್ಲ. ಹಾಗಿದ್ದೂ ಮೊದಲ ದರ್ಜೆಯಿಂದ ಒಮ್ಮೆಯೂ ಕೆಳಗಿಳಿದಿಲ್ಲ. ಆ ಹೆಗ್ಗಳಿಕೆ ಅದರ ಜೊತೆ ಮ್ಯಾಡ್ರಿಡ್, ಬಾರ್ಸಿಲೋನಾಗೆ ಮಾತ್ರ ಇದೆ. ನೆರೆಯ ರಿಯಲ್ ಸೊಸಿಯೆದಾದ್ ಅದೇ ಕಟ್ಟಳೆಯನ್ನು 1989ರಲ್ಲಿ ಮುರಿದು ಲಿವರ್‌ಪೂಲ್‌ನಿಂದ ಜಾನ್ ಆಲ್ಡ್ರಿಜ್ ಅವರನ್ನು ತಂದಿತು. ಆದರೆ ಬಿಲ್ಬಾವೊದ ಕಟ್ಟಳೆ ರಕ್ತ ನೋಡುವುದಿಲ್ಲ. ಘಾನಾದಿಂದ ಸಹಾರಾ ಮರುಭೂಮಿ ದಾಟಿ ಬಂದ ದಂಪತಿಗೆ ಅಲ್ಲೇ ಹುಟ್ಟಿದ ಇನ್ಯಾಕಿ ವಿಲಿಯಮ್ಸ್ ಆ ಕ್ಲಬ್ಬಿಗೆ ಒಂದೂ ಬಿಡದೆ ಸತತ 251 ಲೀಗ್ ಪಂದ್ಯ ಆಡಿದರು. ಅವರು ಘಾನಾಕ್ಕೆ ಆಡುತ್ತಾರೆ. ತಮ್ಮ ನಿಕೊ ಸ್ಪೇನಿಗೆ. 2024ರ ಯುರೋ ಫೈನಲ್ಲಿನಲ್ಲಿ ಇಂಗ್ಲೆಂಡ್ ವಿರುದ್ಧ ಸ್ಪೇನಿನ ಮೊದಲ ಗೋಲು ನಿಕೊ ಹೊಡೆದದ್ದು. ಚೆಂಡು ಕೊಟ್ಟ ಲಮಿನ್ ಯಮಾಲ್ ಅವರ ತಂದೆ ಮೊರಾಕ್ಕೊದವರು, ತಾಯಿ ಈಕ್ವಟೋರಿಯಲ್ ಗಿನಿಯವರು.

ಹಾಗೆಂದು ಸ್ಪೇನ್ ಎಲ್ಲರನ್ನೂ ಅಪ್ಪಿಕೊಂಡಿತು ಎನ್ನುವಂತಿಲ್ಲ. ಕ್ಯಾಮರೂನಿನ ಎಟೊ 2006ರಲ್ಲಿ ಸಾರಗೋಸಾ ಮೈದಾನದಲ್ಲಿ ಮಂಗನ ಕೂಗು ಕೇಳಿ ಆಟ ಬಿಟ್ಟು ಹೋಗಲು ಹೊರಟಿದ್ದರು. 2023ರ ಮೇ ತಿಂಗಳಲ್ಲಿ ವಲೆನ್ಸಿಯಾದಲ್ಲಿ ವಿನಿಸಿಯಸ್ ಅದೇ ಅವಮಾನ ಅನುಭವಿಸಿದರು. ಮರುವರ್ಷ ಮೂವರು ಪ್ರೇಕ್ಷಕರಿಗೆ ಎಂಟು ತಿಂಗಳ ಶಿಕ್ಷೆಯಾಯಿತು. ಸ್ಪೇನಿನ ಮೈದಾನದ ಜನಾಂಗೀಯ ನಿಂದನೆಗೆ ಆದ ಮೊದಲ ಶಿಕ್ಷೆ ಅದು.

ನಮ್ಮಲ್ಲೂ ಒಂದು ಹೊಸ ಅಧ್ಯಾಯ ಶುರುವಾಗಿದೆ. ಬೆಂಗಳೂರು ಎಫ್‌ಸಿಗೆ 2023ರಲ್ಲಿ ಬಂದ ಆಸ್ಟ್ರೇಲಿಯಾದ ರಯಾನ್ ವಿಲಿಯಮ್ಸ್ ಅವರ ತಾಯಿ ಮುಂಬೈಯಲ್ಲಿ ಹುಟ್ಟಿದವರು. ಆಸ್ಟ್ರೇಲಿಯಾಕ್ಕೆ ಒಂದು ಪಂದ್ಯ ಆಡಿದ್ದ ಅವರು 2025ರಲ್ಲಿ ಆ ದೇಶದ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಭಾರತದ ಪ್ರಜೆಯಾದರು. ಪಾಸ್‌ಪೋರ್ಟನ್ನು ಕೈಗಿತ್ತವರು ಛೆಟ್ರಿ. ಒಂದೇ ಸಹಿಯಿಂದ ಅವರು ಕ್ಲಬ್ಬಿನ ಪರದೇಶಿ ಲೆಕ್ಕದಿಂದ ಹೊರಬಂದರು, ಭಾರತ ತಂಡದ ಲೆಕ್ಕಕ್ಕೆ ಸೇರಿದರು. ಸ್ಪೇನ್ 1950ರ ದಶಕದಲ್ಲಿ ಕುಬಾಲಾ, ಡಿ ಸ್ಟೆಫಾನೊ ಮೂಲಕ ಹಿಡಿದ ದಾರಿಯಿದು. ಆ ದಾರಿ ಚಿಲಿಯಲ್ಲಿ ಎಲ್ಲಿಗೆ ಮುಟ್ಟಿತು ಎಂಬುದನ್ನೂ ನೆನಪಿಟ್ಟುಕೊಂಡರೆ ಒಳ್ಳೆಯದು. ಒಬ್ಬಿಬ್ಬರು ಹೀಗೆ ಬಂದರೆ ತಂಡಕ್ಕೆ ಬಲ. ಅದೇ ಯೋಜನೆ ಎಂದುಕೊಂಡರೆ ಹಿತ್ತಲ ಗಿಡ ಮದ್ದಲ್ಲ ಎಂಬ ಹಳೆಯ ಚಾಳಿ.

ಮೊದಲ ಪರದೇಶ ಬೆಂಗಳೂರು

ಇನ್ನು ನಮ್ಮ ಹುಡುಗನ ಮಾತು. ಬೀದರಿನಿಂದ ಬೆಂಗಳೂರು ಸುಮಾರು 700 ಕಿ.ಮೀ. ರಾಜ್ಯದ ಪ್ರಮುಖ ಲೀಗು, ದೊಡ್ಡ ಕ್ಲಬ್ಬುಗಳು, ಆಯ್ಕೆಯ ಕಣ್ಣುಗಳು ಎಲ್ಲ ಅಲ್ಲಿ. ಔರಾದ್ ಕಡೆಯ ಹುಡುಗನಿಗೆ ಸ್ಪೇನಿನ ಮೂರು ಕುರ್ಚಿ ಆಮೇಲಿನ ಮಾತು. ಅವನು ಮೊದಲು ಪರದೇಶಿಯಾಗುವುದು ತನ್ನದೇ ರಾಜಧಾನಿಯಲ್ಲಿ. ಅದಕ್ಕೆ ಹೋಲಿಸಿದರೆ ಹೈದರಾಬಾದ್ ಹತ್ತಿರ. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಆ ಹೈದರಾಬಾದಿನ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತ್ತು. ಅದರ ಗುರು ಸೈಯದ್ ಅಬ್ದುಲ್ ರಹೀಮ್ ಭಾರತಕ್ಕೆ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ ತಂದುಕೊಟ್ಟರು. ವೃತ್ತಿಯಿಂದ ಅವರು ಶಾಲಾ ಮೇಷ್ಟ್ರು. ಆ ತಂಡಗಳಲ್ಲಿ ಪರದೇಶಿ ಆಟಗಾರರಿರಲಿಲ್ಲ, ಆದರೆ ರಹೀಮ್ ಹೊರಗಿನ ವಿದ್ಯೆಗೆ ಬಾಗಿಲು ಹಾಕಿರಲಿಲ್ಲ. ಹಂಗೇರಿಯವರ ಆಟ ನೋಡಿ ತಮ್ಮ ತಂಡವನ್ನು ಹೊಸದಾಗಿ ನಿಲ್ಲಿಸಿದರು.

ಪರದೇಶಿಗಳಿಲ್ಲದ ಆಟಕ್ಕೆ ಇತ್ತೀಚಿನ ಉದಾಹರಣೆಯೂ ಇದೆ: 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಪರದೇಶಿಗಳಿಗೆ ಜಾಗವೇ ಇಲ್ಲದ ಪಂದ್ಯಾವಳಿ ಅದು. ಗೋಲು ಹೊಡೆಯುವ ಜವಾಬ್ದಾರಿ, ತಪ್ಪಿದರೆ ಬೈಸಿಕೊಳ್ಳುವ ಜವಾಬ್ದಾರಿ ಎರಡೂ ನಮ್ಮ ಹುಡುಗರದೇ. ಇಂಥ ಪಂದ್ಯಗಳು ಜಿಲ್ಲಾ ಮಟ್ಟದಲ್ಲಿ, ವರ್ಷಕ್ಕೊಮ್ಮೆಯ ಕ್ರೀಡಾಕೂಟವಾಗಿ ಅಲ್ಲದೆ ತಿಂಗಳುಗಟ್ಟಲೆ ನಡೆಯುವ ಲೀಗಾಗಿ ಬೇಕು. ಸ್ಪೇನ್ ಕಲಿಸುವುದು ಇಷ್ಟೇ: ಹೊರಗಿನವರನ್ನು ತಡೆದದ್ದರಿಂದ ಆ ದೇಶ ಗೆಲ್ಲಲಿಲ್ಲ, ಕರೆದದ್ದರಿಂದಷ್ಟೇ ಗೆಲ್ಲಲೂ ಇಲ್ಲ. ಬಂದವರಿಂದ ಕಲಿತು, ತನ್ನ ಮಕ್ಕಳಿಗೆ ಹತ್ತನೇ ವಯಸ್ಸಿನಿಂದ ಮೇಷ್ಟ್ರನ್ನೂ ಮೈದಾನವನ್ನೂ ಕೊಟ್ಟು, ತಂಡದ ನಡುಜಾಗಕ್ಕೆ ಅವರನ್ನು ನಂಬಿ ನಿಲ್ಲಿಸಿದ್ದರಿಂದ ಗೆದ್ದಿತು. ಬೀದರ್ ಜಿಲ್ಲೆಗೆ ಒಬ್ಬ ಮಿಕು ಬರಬೇಕಾಗಿಲ್ಲ. ತಾಲ್ಲೂಕಿಗೊಬ್ಬ ಲೈಸೆನ್ಸ್ ಪಡೆದ ಫುಟ್‌ಬಾಲ್ ತರಬೇತುದಾರ, ಅವನಿಗೆ ತಿಂಗಳ ಸಂಬಳ, ವರ್ಷವಿಡೀ ನಡೆಯುವ ಒಂದು ಜಿಲ್ಲಾ ಲೀಗ್ ಸಾಕು. ಕೇಳಬೇಕಾದದ್ದನ್ನು ಅಲ್ಲಿಂದ ಕೇಳಲು ಶುರು ಮಾಡೋಣ.